ಇಂಟರ್‌ವ್ಯೂ ಇಂಗ್ಲಿಷು: ಒಬ್ಬ ಸೋತವನ ಪಾಠ

ಹೋದ ತಿಂಗಳು ಬಳಗದ ಸಭೆ ಮುಗಿದ ಮೇಲೆ ಮೊದಲ ವರ್ಷದ ಇಬ್ಬರು ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದು, "ಅಣ್ಣಾ, ಇಂಟರ್‌ವ್ಯೂಗೆ ಇಂಗ್ಲಿಷ್ ಹೆಂಗ ಕಲೀಬೇಕು? ಯಾವ ಪುಸ್ತಕ ಓದ್ಬೇಕು?" ಎಂದು ಕೇಳಿದರು. ಒಂದು ಇಂಟರ್‌ವ್ಯೂನಲ್ಲಿ ಸೋತು ಬಂದವನು ನಮ್ಮ ಬಳಗದಲ್ಲಿ ಆ ವಿಷಯದ ಪಂಡಿತನಾಗಿಬಿಡುತ್ತಾನೆ! ಅವತ್ತು ಬಸ್ಸು ಬಂದದ್ದರಿಂದ ಉತ್ತರ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಭಯ ಕಡಿಮೆ ಮಾಡುವ ಒಂದೆರಡು ಮಾತು. ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆಗೆ ಇದೆ, ಅದರ ತೂಕ ನೂರಕ್ಕೆ 20. ಸಿವಿಲ್ ಸರ್ವಿಸಿನಲ್ಲಿ 2025 ಅಂಕಗಳ ಪೈಕಿ 275. ಕೊಠಾರಿ ಸಮಿತಿಯ ಶಿಫಾರಸಿನಿಂದಾಗಿ 1979ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಹಾಗೆ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು. ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ನಾಗಪುರದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಓದಿದ ನಾವು ಇಂಗ್ಲಿಷಿನಲ್ಲೇ ಬರೆಯುತ್ತೇವೆ, ಇಂಗ್ಲಿಷಿನಲ್ಲೇ ಮಾತಾಡಬೇಕಾಗುತ್ತದೆ.

ಇನ್ನು ನನ್ನ ಕಥೆ. ನಮ್ಮ ಮೂಲ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕು. ಅಪ್ಪನಿಗೆ ರೈಲ್ವೆ ನೌಕರಿ, 2003ರಲ್ಲಿ ನಾಗಪುರಕ್ಕೆ ವರ್ಗವಾಯಿತು. ಆಗ ನನಗೆ ಮೂರು ವರ್ಷ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್. 2023ರ ಆರಂಭದಲ್ಲಿ ಬ್ಯಾಂಕ್ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಬರಹದ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಇತ್ತು. ಅವ್ವ ಹೊಸ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು.

ಮಂಡಳಿಯ ಹಿರಿಯರು ಅರ್ಜಿ ನೋಡಿ, "ಮಾತೃಭಾಷೆ ಕನ್ನಡ. ಹ್ಯಾವ್ ಯು ನೆವರ್ ಲಿವ್ಡ್ ಇನ್ ಕರ್ನಾಟಕ?" ಅಂದರು. ನಾನು ಠಾಕುಠೀಕಾಗಿ "ಯೆಸ್ ಸರ್" ಅಂದೆ. "ಹೌದ್ರೀ, ಇದ್ದೇ ಇಲ್ಲ" ಅನ್ನೋದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ಕೂಡಲೇ, "ಹೌ ಮೆನಿ ಇಯರ್ಸ್?" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. "ನೋ ಸರ್" ಅಂದೆ. ಮೂವರೂ ಮುಖ ಮುಖ ನೋಡಿಕೊಂಡರು.

ಗೆಳೆಯರೇ, ಇಲ್ಲಿ ನನ್ನ ಇಂಗ್ಲಿಷ್ ತಪ್ಪಿದ್ದಲ್ಲ, ಕನ್ನಡ ಸರಿಯಾಗಿದ್ದದ್ದೇ ತಪ್ಪಾಯಿತು. "ಊಟ ಮಾಡಿಲ್ವಾ?" ಅಂದರೆ ನಾವು "ಹೌದು, ಮಾಡಿಲ್ಲ" ಅನ್ನುತ್ತೇವೆ. ಕೇಳಿದವರ ಮಾತು ಸರಿ ಅಂತ ಒಪ್ಪುವುದು ನಮ್ಮ ರೀತಿ. ಇಂಗ್ಲಿಷಿನವನು ಕೇಳಿದವರನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತಾನೆ. ಸಂಗತಿ "ಇಲ್ಲ" ಆದರೆ ಉತ್ತರವೂ "ನೋ". ಇದನ್ನು ಯಾವ ವ್ಯಾಕರಣದ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬಂತು ನಿಜವಾದ ಪ್ರಶ್ನೆ. ಅದಕ್ಕೆ ಕೆಲವೇ ವಾರ ಮೊದಲು, 2022ರ ಡಿಸೆಂಬರ್ 22ರಂದು ಕರ್ನಾಟಕ ವಿಧಾನಮಂಡಲ ಬೆಳಗಾವಿಯಲ್ಲಿ ಗಡಿಯ ಬಗ್ಗೆ ಠರಾವು ಮಾಡಿತ್ತು. ಡಿಸೆಂಬರ್ 27ರಂದು ಮಹಾರಾಷ್ಟ್ರ ವಿಧಾನಮಂಡಲ ನಮ್ಮ ನಾಗಪುರದ ಚಳಿಗಾಲದ ಅಧಿವೇಶನದಲ್ಲೇ 865 ಹಳ್ಳಿಗಳು ತನಗೆ ಬರಬೇಕೆಂದು ಎದುರು ಠರಾವು ಮಾಡಿತ್ತು. ಹಿರಿಯರು ಕನ್ನಡಕ ಸರಿಮಾಡಿಕೊಂಡು, "ನೀವು ಅಕ್ಕಲಕೋಟೆಯ ಕನ್ನಡಿಗರು, ನಾಗಪುರದ ನಿವಾಸಿ. ವೇರ್ ಶುಡ್ ಅಕ್ಕಲಕೋಟ್ ಗೋ?" ಅಂದರು.

ಈ ಪ್ರಶ್ನೆಗೆ ನನ್ನಷ್ಟು ತಯಾರಿದ್ದವನು ಬೇರೆ ಇರಲಿಕ್ಕಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಶುರುಮಾಡಿದೆ. 1966ರಲ್ಲಿ ಮಹಾಜನ ಆಯೋಗ ನೇಮಕವಾದದ್ದು, 1967ರಲ್ಲಿ ವರದಿ ಕೊಟ್ಟದ್ದು, ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಇರಲಿ, 264 ಹಳ್ಳಿ ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆ ಮೈಸೂರಿಗೆ ಬರಲಿ ಎಂದದ್ದು, ಮಹಾರಾಷ್ಟ್ರ ಒಪ್ಪದೆ ಹೋದದ್ದು, 2004ರಲ್ಲಿ ಸುಪ್ರೀಂ ಕೋರ್ಟಿಗೆ ದಾವೆ ಹಾಕಿದ್ದು... ಆ ದಾವೆಯ ತನಕ ಬರುವಷ್ಟರಲ್ಲಿ "ಥ್ಯಾಂಕ್ ಯು" ಅಂದುಬಿಟ್ಟರು. ಅವರು ಕೇಳಿದ್ದು ನನ್ನ ಅಭಿಪ್ರಾಯ. ಅದು ನನ್ನ ಬಾಯಿಯಿಂದ ಹೊರಬರಲೇ ಇಲ್ಲ.

ಆಯ್ಕೆಪಟ್ಟಿಯಲ್ಲಿ ನನ್ನ ನಂಬರು ಇರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಅದು ಬೈದದ್ದಕ್ಕಿಂತ ಕಷ್ಟವಾಯಿತು. ಹದಿನೈದು ದಿನ ಇದೇ ಯೋಚನೆ. ಕೊನೆಗೆ ಹೊಳೆದದ್ದು ಇಷ್ಟು: ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ವಿಷಯ ಕೋರ್ಟಿನಲ್ಲಿ ಇರುವುದರಿಂದ, ಎರಡೂ ಕಡೆ ಜನ ನೊಂದಿರುವುದರಿಂದ, ನಾನು ತೀರ್ಪು ಹೇಳುವುದು ಸರಿಯಲ್ಲ." ಈ "ಅಲ್ಲ" ಬರುವ ತನಕ ಕೇಳುವವನು ಕಾಯಲೇಬೇಕು. ನಮಗೆ ಅದು ರೂಢಿ, ಕಾರಣ ಮೊದಲು, ತೀರ್ಮಾನ ಆಮೇಲೆ, ಅದೇ ಮರ್ಯಾದೆ ಅಂತಲೂ ಅನಿಸುತ್ತದೆ. ಇಂಗ್ಲಿಷಿನಲ್ಲಿ "ನಾಟ್" ಎಂಬುದು ಎರಡನೆಯದೋ ಮೂರನೆಯದೋ ಪದವಾಗಿ ಬಂದುಬಿಡುತ್ತದೆ, "ಬಿಕಾಸ್" ಅದರ ಬೆನ್ನಿಗೆ. ನಾನು ಪದಗಳನ್ನು ಇಂಗ್ಲಿಷಿಗೆ ತಿರುಗಿಸಿದ್ದೆ, ಉತ್ತರವನ್ನು ತಿರುಗಿಸಿರಲಿಲ್ಲ.

ಈಗ ನಾನು ಮಾಡುವ ಅಭ್ಯಾಸ ಹೇಳುತ್ತೇನೆ. ಅರ್ಜಿಯಲ್ಲಿ ನಾನೇ ಬರೆದ ಪ್ರತಿ ಪದಕ್ಕೂ (ಹುಟ್ಟೂರು, ಮಾತೃಭಾಷೆ, ಹವ್ಯಾಸ) ಒಂದೊಂದು ಪ್ರಶ್ನೆ ಬರೆದುಕೊಳ್ಳುತ್ತೇನೆ. ಉತ್ತರವನ್ನು ಮೊದಲು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲೇ ಯೋಚಿಸು ಅಂತ ಉಪದೇಶ ಮಾಡುವವರಿದ್ದಾರೆ, ನನಗಂತೂ ಅದು ಸಾಧ್ಯವಾಗಿಲ್ಲ. ಹಾಗೆ ಬರೆದ ಉತ್ತರದ ಕೊನೆಯ ವಾಕ್ಯಕ್ಕೆ ಗೆರೆ ಎಳೆದು, ಅದನ್ನು ಮೇಲಕ್ಕೆ ತಂದು, ಆಮೇಲೆ ಇಂಗ್ಲಿಷು. ಅರ್ಧ ನಿಮಿಷ ಮೀರಬಾರದು. ಮೊಬೈಲಿನಲ್ಲಿ ರೆಕಾರ್ಡು ಮಾಡಿ ಕೇಳಬೇಕು. ಮೊದಲ ಸಲ ನಿಮ್ಮ ದನಿ ನಿಮಗೇ ಬೇಸರ ತರುತ್ತದೆ, ಸಹಿಸಿಕೊಳ್ಳಿ.

ಕೇಳುವಾಗ ನಮ್ಮ ಗುರುತುಗಳು ಸಿಗುತ್ತವೆ. "ಐ ಆಮ್ ಹಿಯರ್ ಸಿನ್ಸ್ ಟ್ವೆಂಟಿ ಇಯರ್ಸ್" ಅನ್ನುತ್ತೇವೆ. ನಮ್ಮ "ಇಂದ" ಒಂದೇ ಪ್ರತ್ಯಯ: "2003ರಿಂದ" ಅನ್ನಲಿಕ್ಕೂ ಅದೇ, "ಇಪ್ಪತ್ತು ವರ್ಷದಿಂದ" ಅನ್ನಲಿಕ್ಕೂ ಅದೇ. ಇಂಗ್ಲಿಷಿನಲ್ಲಿ ಇಸವಿಗೆ "ಸಿನ್ಸ್", ಅವಧಿಗೆ "ಫಾರ್". ಇನ್ನೊಂದು "ನಾನೇ ಮಾಡಿದೆ" ಅನ್ನಲಿಕ್ಕೆ "ಐ ವೋನ್ಲಿ ಡಿಡ್ ಇಟ್" ಅನ್ನುವುದು. ಇದರಲ್ಲಿ ನಮ್ಮ ಎರಡು ಮುದ್ರೆ ಒಟ್ಟಿಗೇ ಇವೆ: "ಏ"ಕಾರದ ಒತ್ತಿಗೆ "ಓನ್ಲಿ" ತಂದದ್ದು, ಮತ್ತು "ಓ"ದ ಹಿಂದೆ ಒಂದು "ವ" ಅಂಟಿಸಿದ್ದು. "ಎವೆರಿ"ಯನ್ನು "ಯೆವೆರಿ" ಮಾಡುವುದೂ ಇದೇ ಜಾತಿ. ಮೊದಲನೆಯದನ್ನು ತಿದ್ದಿಕೊಳ್ಳಿ, "ಐ ಡಿಡ್ ಇಟ್ ಮೈಸೆಲ್ಫ್" ಅನ್ನಿ, ಯಾಕೆಂದರೆ ಅಲ್ಲಿ ಅರ್ಥವೇ ಕೆಡುತ್ತದೆ. ಎರಡನೆಯದಕ್ಕೆ ದುಡ್ಡು ಖರ್ಚು ಮಾಡಬೇಡಿ. ನಮ್ಮ ಛಿಂದವಾಡಾ ರಸ್ತೆಯಲ್ಲಿ ಪ್ರತ್ಯಕ್ಷ ತೆರಿಗೆಗಳ ರಾಷ್ಟ್ರೀಯ ಅಕಾಡೆಮಿ ಇದೆಯಲ್ಲ, ಸಿವಿಲ್ ಸರ್ವಿಸ್ ಪಾಸಾಗಿ ಆದಾಯ ತೆರಿಗೆ ಇಲಾಖೆ ಸಿಕ್ಕವರು ದೇಶದ ಮೂಲೆಮೂಲೆಯಿಂದ ಅಲ್ಲಿ ತರಬೇತಿಗೆ ಬರುತ್ತಾರೆ. ಅವರೆಲ್ಲರ ಉಚ್ಚಾರ ಒಂದೇ ಅಂತ ತಿಳಿದಿದ್ದೀರಾ? ನಾನು ಇವತ್ತಿಗೂ ಜೀರೋ ಮೈಲಿನ ಕಲ್ಲಿಗೆ "ಜೀರೋ" ಅಂತಲೇ ಅನ್ನುತ್ತೇನೆ. ಆದರೆ ಅದು ದೇಶದ ನಟ್ಟನಡುವಿನ ಬಿಂದು ಅಂತ ಗಟ್ಟಿಯಾಗಿ ಹೇಳುವುದಿಲ್ಲ, "ಪೀಪಲ್ ಸೇ ಸೋ" ಅಂತ ಸೇರಿಸುತ್ತೇನೆ. ಅದು ಬ್ರಿಟಿಷರ ಕಾಲದ ಸರ್ವೇ ಕಲ್ಲು. ಮಂಡಳಿಯವರು ಹಿಡಿಯುವುದು ಇಂಥ ಕಡೆ, ಉಚ್ಚಾರದಲ್ಲಿ ಅಲ್ಲ.

ಅಕ್ಕಲಕೋಟೆಯ ಪ್ರಶ್ನೆಗೆ ನನ್ನ ಉತ್ತರ ಏನು ಅಂತ ನೀವು ಕೇಳಬಹುದು. ಬರೆದೆ, ಹರಿದೆ, ಮತ್ತೆ ಬರೆದೆ. ಅಪ್ಪನಿಗೆ ಓದಿ ಹೇಳಿದಾಗ, "ಅಕ್ಕಲಕೋಟೆ ನಮ್ಮದು ಅಂತ ಹೇಳಾಕ ನಿನಗ ಅಂಜಿಕಿ ಯಾಕ?" ಅಂದರು. ಅಂಜಿಕೆ ಅಲ್ಲ. ನಮ್ಮ ಅಜ್ಜಿ ಸಂತೆಗೆ ಸೊಲ್ಲಾಪುರಕ್ಕೆ ಹೋಗುತ್ತಾಳೆ, ಲಗ್ನಕ್ಕೆ ಕಲಬುರ್ಗಿಗೆ ಹೋಗುತ್ತಾಳೆ. ಗೆರೆ ಎಲ್ಲಿದೆ ಅಂತ ಅವಳು ಒಮ್ಮೆಯೂ ಕೇಳಿದ್ದಿಲ್ಲ. ಊರ ಕನ್ನಡ ಶಾಲೆಗೆ ಮಾಸ್ತರು ಬಂದರೋ ಇಲ್ಲವೋ ಅಂತ ಮಾತ್ರ ಪ್ರತಿ ವರ್ಷ ಫೋನಿನಲ್ಲಿ ಕೇಳಿದರೆ ಹೇಳುತ್ತಾಳೆ. ಆದ್ದರಿಂದ ನನ್ನ ಉತ್ತರ ಎರಡೇ ವಾಕ್ಯ: "ಸರ್, ಐ ವುಡ್ ಲೀವ್ ದ ಬಾರ್ಡರ್ ಟು ದ ಸುಪ್ರೀಂ ಕೋರ್ಟ್. ವಾಟ್ ಮೈ ವಿಲೇಜ್ ನೀಡ್ಸ್ ನೌ ಈಸ್ ಎ ಕನ್ನಡ ಟೀಚರ್." ಮಹಾಜನ ಆಯೋಗ, ಇಸವಿ, ಹಳ್ಳಿಗಳ ಲೆಕ್ಕ ಎಲ್ಲ ಜೇಬಿನಲ್ಲಿ ಇರಲಿ, ಕೇಳಿದರೆ ತೆಗೆಯೋಣ. ಅಪ್ಪ ಇನ್ನೂ ಒಪ್ಪಿಲ್ಲ. ಊಟದ ಹೊತ್ತಿನಲ್ಲಿ ನನ್ನ ಜೊತೆ ವಾದಕ್ಕೆ ಕೂರುತ್ತಾರೆ, ಅದೂ ಒಳ್ಳೆಯ ಅಭ್ಯಾಸವೇ.

ಬರುವ ಶನಿವಾರದಿಂದ ಸಂಜೆ ಐದಕ್ಕೆ ಬಳಗದ ಕೋಣೆಯಲ್ಲಿ ಮೂರು ಕುರ್ಚಿ ಆಚೆ, ಒಂದು ಕುರ್ಚಿ ಈಚೆ ಹಾಕಿ ಕೂರೋಣ ಅಂತ ಇದೆ. ಬರುವವರು ತಮ್ಮ ಅರ್ಜಿಯ ನಕಲು ತರಬೇಕು. ಮೆಟ್ಟಿಲ ಹತ್ತಿರ ನಿಲ್ಲಿಸಿದ ಆ ಇಬ್ಬರು ಮೊದಲು ಆಚೆ ಕುರ್ಚಿಯಲ್ಲಿ ಕೂತು ನನ್ನನ್ನು ಕೇಳಲಿ.