ಮೀಟರ್ ಬೋರ್ಡ್ ಹೊಡೆಯುವ ಮುಂಚೆ ಗೋಡೆ ನೋಡು

ಹುಣಸೂರಿನಲ್ಲಿ ಸ್ವಂತವಾಗಿ ವೈರಿಂಗ್ ಕೆಲಸ ಹಿಡೀತಿದ್ದೀಯ ಅಂತ ಕೇಳಿ ಸಂತೋಷವಾಯ್ತು ಮಗ. ಮನೆಯೊಳಗಿನ ಕೆಲಸ ನಿನಗೆ ಚೆನ್ನಾಗಿ ಬರುತ್ತೆ. ಆದರೆ ಮೀಟರ್ ಬೋರ್ಡ್ ಅಂದರೆ ನಿನ್ನ ವಯಸ್ಸಿನ ಹುಡುಗರಿಗೆ ಅಸಡ್ಡೆ. ಸಿಕ್ಕಿದ ಹಲಗೆ, ಸಿಕ್ಕಿದ ಗೋಡೆ, ನಾಲ್ಕು ಸ್ಕ್ರೂ, ಮುಗೀತು. ಕಂಬದ ಕರೆಂಟು ಮನೆಗೆ ಕಾಲಿಡುವ ಜಾಗ ಕಣಪ್ಪ ಅದು.

ಪಿರಿಯಾಪಟ್ಟಣದ ಕಡೆ ಹಳೇ ಹೆಂಚಿನ ಮನೆಗಳಲ್ಲಿ ಜಗಲಿ ಮೇಲಿನ ಮರದ ಹಲಗೆ, ಪಿಂಗಾಣಿ ಕಟ್‌ಔಟ್ ಇನ್ನೂ ಕಾಣಸಿಗುತ್ತವೆ. ಒಣಗಿದ ಗೋಡೆ, ಒಳ್ಳೇ ಮರ ಇದ್ದಲ್ಲಿ ಅದು ಬಾಳಿಕೆ ಬಂದಿದೆ. ಶೀತದ ಗೋಡೆಯಲ್ಲಿ ಗೆದ್ದಲು ಬಿಡೋದಿಲ್ಲ. ಹೊಸ ಕೆಲಸಕ್ಕೆ ಮುಚ್ಚಳದಲ್ಲಿ ಕಿಟಕಿ ಇರುವ ಪಾಲಿಕಾರ್ಬೊನೇಟ್ ಬಾಕ್ಸನ್ನೇ ಹಾಕು. ತಗಡಿನ ಬಾಕ್ಸೇ ಬೇಕು ಅಂತ ಮನೆಯವರು ಹಠ ಹಿಡಿದರೆ ಅದಕ್ಕೆ ಅರ್ಥಿಂಗ್ ಕೊಡದೆ ಅಲ್ಲಿಂದ ಹೊರಡಬೇಡ.

ಎಚ್.ಡಿ. ಕೋಟೆಯ ಹಾಡಿಗಳಿಗೆ ಹೋದಾಗ ಇನ್ನೂ ಹುಷಾರು. ಮಣ್ಣಿನ ಗೋಡೆ ಸ್ಕ್ರೂ ಹಿಡಿಯೋದಿಲ್ಲ; ಮನೆಯ ಗಟ್ಟಿ ಕಂಬಕ್ಕೆ ಪಟ್ಟಿ ಹೊಡೆದು ಬಾಕ್ಸ್ ಕೂರಿಸು. ಕೇರಳದ ಗಡಿ ಕಡೆ ಮುಂಗಾರು ಜೋರು, ಪಡುವಣ ಗಾಳಿಗೆ ಎರಚಲು ಬಡಿಯುತ್ತೆ. ಎರಚಲು ತಾಗದ ಮಗ್ಗುಲಲ್ಲಿ, ಸೂರಿನ ಅಡಿಯಲ್ಲಿ ಜಾಗ ಹುಡುಕು. ಸರ್ವೀಸ್ ವೈರನ್ನು ಕೆಳಗೆ ಇಳಿಬಿಟ್ಟು, ಮತ್ತೆ ಮೇಲಕ್ಕೆ ತಂದು ಒಳಗೆ ಬಿಡು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಮೀಟರಿಗೆ ಇಳಿಯೋದಿಲ್ಲ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ವಿಷಯ ಬೇರೆ. ಒಲೆಯ ಗೋಡೆಗೆ ಮೀಟರ್ ಹೊಡೆಯೋದು ಬೇಡವೇ ಬೇಡ, ಆ ಕಾವಿಗೆ ವೈರಿನ ಮೇಲಿನ ಪದರ ಒಣಗಿ ಬಿರಿಯುತ್ತೆ. ಪಕ್ಕದ ಪಂಪ್‌ಸೆಟ್ಟಿನಿಂದ ಬ್ಯಾರನ್ನಿಗೆ ಒಂದು ಬಲ್ಬಿನ ಲೈನ್ ಎಳೆದುಕೊಡು ಅಂತ ರೈತರು ಕೇಳುತ್ತಾರೆ. 10 ಎಚ್.ಪಿ. ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ಕರೆಂಟು ಕೊಡೋದು ನೀರೆತ್ತಲಿಕ್ಕೆ. ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಎರಡರಷ್ಟು ದರ ಬೀಳುತ್ತೆ. ಅದನ್ನು ಕಟ್ಟೋನು ರೈತ, ನೀನಲ್ಲ. ಅದಕ್ಕೇ ಬೇಡ ಅನ್ನು.

ಕೆ.ಆರ್. ನಗರದ ಅಕ್ಕಿ ಗಿರಣಿಗಳಲ್ಲಿ ನಿನಗೆ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಇರುವ ಮೀಟರ್ ಸಿಗುತ್ತೆ. 10 ಎಚ್.ಪಿ. ಮೋಟಾರು ಒಂದೊಂದು ಫೇಸಿನಲ್ಲಿ ಸುಮಾರು 14 ಆಂಪೇರ್ ಎಳೆಯುತ್ತೆ, ಅಷ್ಟನ್ನು ತ್ರೀ ಫೇಸ್ ಮೀಟರ್ ನೇರವಾಗಿ ತಡೆದುಕೊಳ್ಳುತ್ತೆ. ದೊಡ್ಡ ಗಿರಣಿಯ ಕರೆಂಟು ಮೀಟರಿನೊಳಗೆ ಹರಿಯೋದಿಲ್ಲ. ಸಿಟಿ ಅದನ್ನು ಇಳಿಸಿ ಕೊಡುತ್ತೆ. ಸಿಟಿ ಮೇಲೆ 100/5 ಅಂತ ಇದ್ದರೆ, ಮೀಟರೇ ಆ ಲೆಕ್ಕ ಸೇರಿಸಿ ತೋರಿಸದಿದ್ದಾಗ, ರೀಡಿಂಗನ್ನು 20ರಿಂದ ಗುಣಿಸಬೇಕು. ಗಿರಣಿಯವರಿಗೂ ಇದನ್ನು ಬಿಡಿಸಿ ಹೇಳು. ಕರೆಂಟು ಹರಿಯುವಾಗ ಸಿಟಿಯ ಸಣ್ಣ ವೈರನ್ನು ಯಾವತ್ತೂ ಬಿಚ್ಚಬೇಡ. ಬಿಚ್ಚಿದ ತುದಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏಳುತ್ತೆ.

ಎಲ್ಲಕ್ಕಿಂತ ಹೆಚ್ಚು ಅನಾಹುತ ನಾನು ನೋಡಿರೋದು ಟರ್ಮಿನಲ್ಲಿನಲ್ಲಿ. ಅಲ್ಯೂಮಿನಿಯಂ ಸರ್ವೀಸ್ ವೈರು, ಹಿತ್ತಾಳೆಯ ಟರ್ಮಿನಲ್ಲು. ಸ್ಕ್ರೂ ಅರೆಬರೆ ಬಿಗಿದರೆ ಹಿಡಿತ ಸಡಿಲವಾಗಿ ಕಾವೇರುತ್ತೆ, ಕಾವಿಗೆ ಇನ್ನಷ್ಟು ಸಡಿಲ, ಕೊನೆಗೆ ಬುಡ ಕರಗಿ ಮೀಟರೇ ಸುಟ್ಟುಹೋಗುತ್ತೆ. ಮೊದಲು ದೀಪ ಮಿಣಮಿಣ ಅನ್ನುತ್ತೆ, ಆಮೇಲೆ ಸುಟ್ಟ ವಾಸನೆ. ಲೈನ್‌ಮನ್ ಹೊಸ ಕನೆಕ್ಷನ್ ಕೊಡುವಾಗ ಪಕ್ಕದಲ್ಲೇ ನಿಂತು ನೋಡು: ತಾಮ್ರವೋ ಅಲ್ಯೂಮಿನಿಯಮ್ಮೋ, ವೈರಿನ ತುದಿ ಶುಚಿಯಾಗಿದೆಯಾ, ಎರಡೂ ಸ್ಕ್ರೂ ಬಿಗಿದಿದೆಯಾ. ಫೇಸು, ನ್ಯೂಟ್ರಲ್ಲಿನ ಸಾಲು ಎಲ್ಲ ಮೀಟರಿನಲ್ಲೂ ಒಂದೇ ಥರ ಇರೋದಿಲ್ಲ, ಟರ್ಮಿನಲ್ ಮುಚ್ಚಳದ ಮೇಲಿನ ನಕ್ಷೆ ಓದಿಸು. ಮೀಟರನ್ನು ನಿಂತವರ ಕಣ್ಣಿನ ಮಟ್ಟಕ್ಕೆ ಕೂರಿಸಿದರೆ ಮನೆಯ ಅಜ್ಜಿಯೂ ರೀಡಿಂಗ್ ನೋಡಿಕೊಳ್ಳಬಹುದು.

ಒಮ್ಮೆ ಸೀಲ್ ಬಿದ್ದ ಮೇಲೆ ಆ ಮುಚ್ಚಳದೊಳಗೆ ಕೈ ಹಾಕುವ ಅಧಿಕಾರ ನಮಗಿಲ್ಲ. ವಾಸನೆ ಬರುತ್ತಿದೆ ಅಂತ ರಾತ್ರಿ ಯಾರಾದರೂ ಕರೆದರೆ ಮೈನ್ ಆಫ್ ಮಾಡಿಸು, ಕರೆಂಟು ಕಂಪನಿಯ 1912ಕ್ಕೆ ಫೋನ್ ಮಾಡಿಸು, ಲೈನ್‌ಮನ್ ಬರುವ ತನಕ ಆ ಮನೆಯವರ ಜೊತೆಗೇ ಇರು ಮಗ.