ಹೇಳಲು ಏನೂ ಇಲ್ಲದಾಗ ಮಾಡುವ ಫೋನು

ಶ್ರೀ
ಹೊಳಲು

ಚಿ|| ಮೊಮ್ಮಗಳಿಗೆ ನಿನ್ನ ಅಜ್ಜ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಸಮಾಚಾರಕ್ಕೆ ಕೂಡಲೇ ಪತ್ರ ಬರೆಯುವುದು ಅಂತ ಮುಂದಿನ ಸಾಲು ಬರಬೇಕು. ನೀನು ಬರೆಯುವವಳಲ್ಲ ಎಂದು ಗೊತ್ತಿರುವುದರಿಂದ ಆ ಸಾಲು ಬಿಟ್ಟಿದ್ದೇನೆ.

ನೀನು ಪುಣೆಗೆ ಹೋದ ಮೇಲೆ ಫೋನು ಮಾಡುವುದು ಕಡಿಮೆಯಾಗಿದೆ ಎಂದು ಮೊನ್ನೆ ನಿಮ್ಮವ್ವ ಹೇಳಿದಳು. ಯಾಕೆಂದು ಕೇಳಿದರೆ, "ಏನ್ ಮಾತಾಡೋದವ್ವಾ? ಊಟ ಆತಾ, ಮಳಿ ಬಂತಾ, ಅಷ್ಟ. ಹೇಳಾಕ ಏನೂ ಇರಂಗಿಲ್ಲ" ಅಂದೆಯಂತೆ. ಬಯ್ಯಲಿಕ್ಕೆ ಈ ಪತ್ರ ಬರೆಯುತ್ತಿಲ್ಲ ಯವ್ವಾ. ನಿನ್ನ ಮಾತು ಖರೇನೇ. ಆದರೆ ಹೇಳಲು ಏನೇನೂ ಇಲ್ಲದ ದಿನಗಳಲ್ಲೇ ನಾವು ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು. ಅದು ನಿನಗೆ ಮರೆತಂತಿದೆ.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಯಾರೂ ಮನೆ ಬಿಟ್ಟು ಹೊರಡಬೇಡಿ ಅಂದರು. ಬೆಳಗಾದರೆ ಯುಗಾದಿ. ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ 27ಕ್ಕೆ ಶುರುವಾಗಬೇಕಿತ್ತೆಂದು ಬೆಂಗಳೂರಿನಲ್ಲೇ ಉಳಿದಿದ್ದಿರಿ. ಪರೀಕ್ಷೆ ಮುಂದಕ್ಕೆ ಹೋಯಿತು, ಊರಿನ ದಾರಿಯೂ ಮುಚ್ಚಿತು. ನಿನ್ನ ಅತ್ತೆಯನ್ನು ಕೊಟ್ಟ ಗುತ್ತಲ ನಮಗೆ ಹೊಳೆಯಾಚೆ. ತುಂಗಭದ್ರೆಯ ಆ ದಂಡೆ ಹಾವೇರಿ ಜಿಲ್ಲೆ, ಈ ದಂಡೆ ಆಗಿನ್ನೂ ಬಳ್ಳಾರಿ ಜಿಲ್ಲೆ. ವಿಜಯನಗರ ಜಿಲ್ಲೆ ಆದದ್ದು ಮರುವರ್ಷ. ಜಿಲ್ಲೆಯ ಗಡಿಗಳೆಲ್ಲ ಬಂದ್. ಮುಂಜಾನೆ ಹೋಗಿ ಸಂಜೆಗೆ ಬರಬಹುದಾದ ಮಗಳ ಊರೂ, ಅಮೆರಿಕದಲ್ಲಿರುವ ನಿನ್ನ ದೊಡ್ಡಪ್ಪನ ಊರೂ ನಮಗೆ ಒಂದೇ ದೂರವಾದವು.

ಆಗ ಶುರುವಾಯಿತಲ್ಲ ನಮ್ಮ ವಿಡಿಯೊ ಕಾಲು! ವಾಟ್ಸ್ಆ್ಯಪ್‌ನಲ್ಲಿ ಆಗ ನಾಲ್ಕೇ ಜನಕ್ಕೆ ಜಾಗ, ನಮ್ಮದು ಐದು ಮನೆ. ಯಾರನ್ನು ಬಿಟ್ಟರೂ ಮುನಿಸು. ಏಪ್ರಿಲ್ ಕೊನೆಗೆ ಅವರು ನಾಲ್ಕನ್ನು ಎಂಟು ಮಾಡಿದ ಮೇಲೆಯೇ ನಮ್ಮ ಮನೆತನದಲ್ಲಿ ಶಾಂತಿ ನೆಲೆಸಿದ್ದು. ನಡುವೆ ನಿಮ್ಮಪ್ಪ ಜೂಮ್ ಹಾಕಿಕೊಟ್ಟ. ಪುಕ್ಕಟೆ ಕೊಡುವವರು ನಲವತ್ತು ನಿಮಿಷಕ್ಕೆ ಬಾಗಿಲು ಹಾಕುತ್ತಿದ್ದರು. ನಿಮ್ಮಜ್ಜಿಗೆ ಪೀಠಿಕೆ ಹಾಕಲಿಕ್ಕೇ ಅಷ್ಟು ಬೇಕು. ಅವಳು ಫೋನನ್ನು ಕಿವಿಗೇ ಹಿಡಿಯುತ್ತಿದ್ದಳಾದ್ದರಿಂದ ಮೊದಮೊದಲು ನೀವೆಲ್ಲ ನೋಡಿದ್ದು ಅವಳ ಬೆಂಡೋಲೆಯನ್ನು ಮಾತ್ರ.

ಕೆಲವೇ ದಿನಗಳಲ್ಲಿ ಸಮಾಚಾರ ಖಾಲಿಯಾಯಿತು. ಯಾರೂ ಎಲ್ಲಿಗೂ ಹೋಗಿಲ್ಲ, ಯಾರ ಮನೆಗೂ ಯಾರೂ ಬಂದಿಲ್ಲ, ಹೇಳುವುದಾದರೂ ಏನು? ಆದರೂ ಫೋನು ಬಂದ್ ಆಗಲಿಲ್ಲ. ಅಜ್ಜಿ ಅದನ್ನು ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ತೊಗರಿ ಹಸನು ಮಾಡುತ್ತ ಕೂರುತ್ತಿದ್ದಳು. ಆ ಕಡೆ ನೀನು ವಿಜ್ಞಾನದ ಪುಸ್ತಕ ಹಿಡಿದು ಓಮ್‌ನ ನಿಯಮ ಬಾಯಿಪಾಠ ಮಾಡುತ್ತಿದ್ದೆ. ಅರ್ಧ ತಾಸು ಯಾರೂ ಯಾರನ್ನೂ ಮಾತಾಡಿಸದೆ ಹೋಗುತ್ತಿತ್ತು. ಒಂದು ದಿನ ಅಜ್ಜಿ ಮೊರದಿಂದ ತಲೆ ಎತ್ತದೆಯೇ, "ಇದನ್ನ ನಿನ್ನೀನೂ ಓದಿದ್ದೆಲ್ಲ, ಮುಂದಕ್ಕ ಹೋಗು" ಅಂದಳು. ನೀನು ಬಿದ್ದುಬಿದ್ದು ನಕ್ಕೆ. ಜೂನ್ 25ಕ್ಕೆ ಪರೀಕ್ಷೆ ಶುರುವಾಗಿ ನೀನು ಮಾಸ್ಕು ಹಾಕಿಕೊಂಡು ಹೊರಟಾಗ ಇಲ್ಲಿ ಅವಳ ಎದೆಯೇ ಡವಡವ. ಅರ್ಧ ಪುಸ್ತಕ ಅವಳೂ ಓದಿದ್ದಳಲ್ಲ!

ಎಲ್ಲವೂ ಹೀಗೆ ಚಂದವಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕೊಟ್ಟೂರಿನ ನನ್ನ ಗೆಳೆಯ ತೀರಿಕೊಂಡಾಗ ಮಣ್ಣಿಗೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ, ಅರವತ್ತೈದು ದಾಟಿದ ನಮ್ಮಂಥವರು ಹೊರಗೆ ಕಾಲಿಡುವಂತಿರಲಿಲ್ಲ. ಅವನ ಮಗ ಫೋನು ಎತ್ತಿ ಹಿಡಿದು ಎಲ್ಲ ತೋರಿಸಿದ. ನೋಡಿದೆ. ಹೋದೆ ಎಂದು ನನಗೆ ಈವತ್ತಿಗೂ ಅನ್ನಿಸಿಲ್ಲ. ಹುಡುಗನ ಮೇಲೆ ಸಿಟ್ಟಿಲ್ಲ, ಆದರೆ ಕೆಲವಕ್ಕೆ ಫೋನು ಸಾಲದು. ಇನ್ನು ಅಂಥ ಫೋನೇ ಇಲ್ಲದ ಮನೆಗಳು ನಮ್ಮ ಓಣಿಯಲ್ಲಿ ಎಷ್ಟಿದ್ದವು! ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯವರು ಗುಳೆ ಹೋಗುವುದು ನಿನಗೆ ಗೊತ್ತೇ ಇದೆ. ಹಿಂದಿನ ಮನೆಯ ಹೆಣ್ಣುಮಗಳ ಮಗ ಮಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಸಿಕ್ಕಿಹಾಕಿಕೊಂಡಿದ್ದ. ಇವಳದು ಗುಂಡಿ ಒತ್ತುವ ಫೋನು. ನಮ್ಮ ಕಟ್ಟೆಯ ಕೆಳಗೆ ದೂರದಲ್ಲಿ, ಸೆರಗು ಬಾಯಿಗಿಟ್ಟುಕೊಂಡು ನಿಂತಳು. ನಾನು ಕಟ್ಟೆ ಮೇಲಿನಿಂದ ಫೋನು ಹಿಡಿದೆ. ಮಗನ ಮುಖ ಕಂಡಿತು. ಉಂಡೆಯಾ, ರೊಕ್ಕ ಇದೆಯಾ, ಒಂದೂ ಕೇಳಲಿಲ್ಲ. "ಗಡ್ಡ ಬಿಟ್ಟೀಯಲ್ಲೋ" ಅಂದಳು, ಅಷ್ಟೇ. ಮೇ ಮೊದಲ ವಾರ ಸರ್ಕಾರ ಪುಕ್ಕಟೆ ಬಸ್ಸು ಬಿಟ್ಟಾಗ ಅವನು ಊರಿಗೆ ಬಂದ, ಗಡ್ಡದ ಸಮೇತ.

ಅವಳ ಆ ಒಂದು ಮಾತು ಕೇಳಿದಾಗ ನನಗೆ ನನ್ನ ಪೋಸ್ಟ್ ಮಾಸ್ತರಿಕೆ ನೆನಪಾಯಿತು. ಓದು ಬಾರದವರ ಕಾಗದಗಳನ್ನೆಲ್ಲ ಓದಿ ಹೇಳುವುದು ಆಗ ನಮ್ಮದೇ ಕೆಲಸ. ಊರಿನ ಅರ್ಧ ಸಂಸಾರಗಳ ಗುಟ್ಟು ನನಗೆ ಗೊತ್ತು ಎಂದು ಜನ ತಿಳಿದಿದ್ದರು. ಗುಟ್ಟೇನು ಬಂತು ಮಣ್ಣು! ಇನ್‌ಲ್ಯಾಂಡ್ ಲೆಟರಿನ ಮುಕ್ಕಾಲು ಭಾಗ ಹೆಸರುಗಳೇ. ದೊಡ್ಡವ್ವ ಹೇಗಿದ್ದಾಳೆ, ಸಣ್ಣ ತಂಗಿ ಸಾಲಿಗೆ ಹೋಗುತ್ತಾಳಾ, ಎಮ್ಮೆ ಈಯಿತಾ, ಮಳಿ ಆತಾ. ಗುಳೆ ಹೋದವರ ಮನಿಆರ್ಡರಿನ ಬುಡದಲ್ಲಿ ಎರಡು ಸಾಲು ಬರೆಯಲಷ್ಟೇ ಜಾಗವಿರುತ್ತಿತ್ತು. ನಾನು ರೊಕ್ಕ ಎಣಿಸಿ ಕೊಡಲು ಹೋದರೆ, "ಅದು ಇರ್ಲಿ ಮಾಸ್ತರ, ಮೊದ್ಲು ಏನ್ ಬರ್ದಾನ ಓದ್ರಿ" ಅನ್ನುವವರೇ ಹೆಚ್ಚು. ಬರೆದದ್ದು "ನಾನು ಆರಾಮ ಇದೀನಿ" ಅಂತ. ಎರಡು ಸಲ ಓದಿಸಿಕೊಳ್ಳುತ್ತಿದ್ದರು.

ನಿಜವಾದ ಸಮಾಚಾರ ಇರುತ್ತಿದ್ದುದು ತಂತಿಯಲ್ಲಿ ಮಾತ್ರ. ಹಾಗಾಗಿಯೇ ತಂತಿ ಬಂತೆಂದರೆ ಒಡೆಯುವ ಮೊದಲೇ ಓಣಿಯೆಲ್ಲ ಅಳು. 2013ರ ಜುಲೈನಲ್ಲಿ ಸರ್ಕಾರ ತಂತಿ ಸೇವೆ ನಿಲ್ಲಿಸಿದಾಗ ಪೇಪರಿನವರು ಬಹಳ ಮರುಗಿದರು. ನಮ್ಮ ಕಡೆ ಯಾರೂ ಮರುಗಿದ್ದು ನಾನು ಕಾಣೆ.

ಈಗ ನಿನ್ನ ಫೋನೂ ತಂತಿಯಾಗಿದೆ ಕೂಸೇ. ವಿಷಯ ಇದ್ದರಷ್ಟೇ ಮಾಡುತ್ತೀ, ಎರಡು ನಿಮಿಷಕ್ಕೆ ಇಡುತ್ತೀ. ಹೊತ್ತಲ್ಲದ ಹೊತ್ತಿನಲ್ಲಿ ನಿನ್ನ ಹೆಸರು ಬಂದರೆ ಅಜ್ಜಿ ಕೈ ಒರೆಸಿಕೊಳ್ಳುವುದನ್ನೂ ಮರೆತು, "ಏನಾತೋ ಏನೋ" ಎಂದು ಓಡಿ ಬರುತ್ತಾಳೆ. ನೀನು ಹೇಳುವುದು ಆಧಾರ್ ಕಾರ್ಡಿನ ಫೋಟೊ ಕಳಿಸು ಅಂತ!

ನೀನು ದೂರ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಕೃಷ್ಣದೇವರಾಯ ಹೊಸಪೇಟೆಯ ಹತ್ತಿರ ಅನಂತಶಯನಗುಡಿ ಕಟ್ಟಿಸಿದಾಗ, ಅಲ್ಲಿಗೆಂದು ನಮ್ಮೂರಲ್ಲಿ ಮಾಡಿದ, ಮಲಗಿದ ಅನಂತಶಯನನ ಮೂರ್ತಿ ಹೊಳಲು ಬಿಟ್ಟು ಬರಲು ಒಲ್ಲೆ ಎಂದಿತಂತೆ, ಹಾಗೆಂದು ನಮ್ಮಲ್ಲಿ ಕಥೆ ಹೇಳುತ್ತಾರೆ. ದೇವರು ಮಲಗಿಕೊಂಡೇ ಇರಬಹುದು, ಅವನಿಗೆ ನಡೆಯುತ್ತದೆ. ನೀನು ದುಡಿಯಬೇಕು, ಊರೂರು ನೋಡಬೇಕು. ನಾನು ಕೇಳುವುದು ಇಷ್ಟೇ. ಭಾನುವಾರ ಪಿಜಿಯಲ್ಲಿ ಬಟ್ಟೆ ಮಡಚುವಾಗಲೋ ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗಲೋ ಫೋನು ಹಚ್ಚಿ ಎಲ್ಲಾದರೂ ಆನಿಸಿಡು. ಮಾತಾಡಲೇಬೇಕೆಂದಿಲ್ಲ. ನಾನು ಪೇಪರು ಓದುತ್ತಿರುತ್ತೇನೆ, ಅಜ್ಜಿಗೆ ಅವಳ ಕೆಲಸ ಇರುತ್ತದೆ. ನಡುವೆ ಮಳಿ ಬಂತಾ ಎಂದು ಕೇಳಬೇಕೆನ್ನಿಸಿದರೆ ಕೇಳು. ನಮಗೆ ಅದು ಸಣ್ಣ ವಿಷಯವಲ್ಲ.

ಇಂತಿ ನಿನ್ನ,
ಅಜ್ಜ

ತಾ.ಕ.: ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಮಾಡಬೇಡ. ಅದು ಅಜ್ಜಿಯ ಧಾರಾವಾಹಿ ಹೊತ್ತು. ಆಗ ಅನಂತಶಯನನೇ ಎದ್ದು ಫೋನು ಮಾಡಿದರೂ ಅವಳು ಎತ್ತುವುದಿಲ್ಲ.