ಸೊಪ್ಪು ಮುರಿಯುವ ಕಾಲದ ಸೊಂಟನೋವು

ಪ್ರೀತಿಯ ಮಗಳೇ,

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯಲು ಶುರುವಾದರೆ ಮನೆಮನೆಯಲ್ಲೂ ಸೊಂಟನೋವಿನ ಮಾತು. ವರ್ಜೀನಿಯಾ ಸೊಪ್ಪು ಬುಡದಿಂದ ಮೇಲಕ್ಕೆ ಮಾಗುತ್ತದೆ. ಒಂದು ಸಲಕ್ಕೆ ಗಿಡಕ್ಕೆ ಎರಡೋ ಮೂರೋ ಎಲೆ. ಹಾಗಾಗಿ ಮೊದಲ ಸಲ ಮುರಿಯುವಾಗ ಸಾಲಿನುದ್ದಕ್ಕೂ ಬಾಗಿಯೇ ಸಾಗಬೇಕು, ಕಂಕುಳಲ್ಲಿ ಹಸಿ ಸೊಪ್ಪಿನ ಭಾರ ಬೇರೆ. ಕೆ.ಆರ್. ನಗರದ ಭತ್ತದ ನಾಟಿ, ಎಚ್.ಡಿ. ಕೋಟೆಯ ಶುಂಠಿ ಹೊಲದಲ್ಲೂ ಅದೇ ಪಾಡು. ದಣಿದ ಬೆನ್ನಿನಲ್ಲಿ ಹೊರೆ ಎತ್ತುತ್ತಾ ನಡು ತಿರುಗಿಸಿದೆಯೋ, ಸೊಂಟ ಹಿಡಿದುಕೊಳ್ಳುತ್ತದೆ.

ಹಿಡಿದುಕೊಂಡಿತೆಂದು ವಾರಗಟ್ಟಲೆ ಮಲಗಬೇಡ. ಮಲಗಿದಷ್ಟೂ ಸ್ನಾಯು ಸೋಲುತ್ತದೆ, ನೋವು ಬೇರೂರುತ್ತದೆ. ಭಾರದ ಕೆಲಸ ಬಿಡು, ಶಾಖ ಕೊಟ್ಟುಕೋ, ತಡೆಯುವಷ್ಟು ಅಂಗಳದಲ್ಲಿ ನಡೆದಾಡು. ಇಂಥ ನೋವು ಬಹುಪಾಲು ಕೆಲವು ವಾರಗಳಲ್ಲಿ ಇಳಿಯುತ್ತದೆ. ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದರೂ ಎದೆಗೆಡಬೇಡ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಅದು ಕಾಣುತ್ತದೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಹಂಗಾಮು ಪೂರ್ತಿ ನುಂಗಿದರೆ ಮಾತ್ರ ಹೊಟ್ಟೆಯಲ್ಲಿ ಹುಣ್ಣಾದೀತು, ಮೂತ್ರಪಿಂಡ ಕೆಟ್ಟೀತು.

ಇನ್ನೊಂದು ಮಾತು. ನಾವು ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡ, ಬೆಳಗಾಗಲೆಂದು ಕಾಯಬೇಡ. ನರಗಳು ಒತ್ತಿಹೋಗಿರುವ ಲಕ್ಷಣವದು. ಅಂದೇ 108ಕ್ಕೆ ಫೋನ್ ಮಾಡಿಸಿ ದೊಡ್ಡಾಸ್ಪತ್ರೆಗೆ ಹೊರಡು. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೆ ಹೋಗಬಹುದು.

ಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ಅಡ್ಡಮರದ ಮೇಲೆ ಕಾಲೂರಿ ಸೊಪ್ಪಿನ ಕಡ್ಡಿ ಏರಿಸುವ ನಿನ್ನ ತಮ್ಮನಿಗೂ ಹೇಳು. ಜಾರಿ ಪಾದ ಉಳುಕಿದರೆ ಆ ಕ್ಷಣವೇ ಬಿಸಿ ಎಣ್ಣೆ ಹಚ್ಚಿ ನೀವಿಸಿಕೊಳ್ಳಬಾರದು, ಬಾವು ಹೆಚ್ಚುತ್ತದೆ. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕ್ರೇಪ್ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲಿಡಲಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ತೆಗೆಸಲೇಬೇಕು. ನಾಟಿ ಕಟ್ಟು ಹಾಕಿಸಿಕೊಂಡ ಮೇಲೆ ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಯಾರು ಏನೇ ಅಂದುಕೊಳ್ಳಲಿ, ಬಿಚ್ಚಿಸಿಬಿಡಿ. ರಕ್ತ ಓಡದೆ ಕಾಲನ್ನೇ ಕಳೆದುಕೊಂಡವರಿದ್ದಾರೆ.

ಈ ಸಲ ಸೊಪ್ಪು ಮುರಿಯುವವರೂ ಕಡ್ಡಿಗೆ ಕಟ್ಟುವವರೂ ಆಗಾಗ ಕೆಲಸ ಅದಲುಬದಲು ಮಾಡಿಕೊಳ್ಳಿ. ಸಾಲಿನ ಕೊನೆಯಲ್ಲಿ ಸೊಂಟಕ್ಕೆ ಕೈಕೊಟ್ಟು ಒಂದಿಷ್ಟು ಹಿಂದಕ್ಕೆ ಬಾಗಿ ನಿಲ್ಲಿ. ಕೂಲಿಗೆ ಬಂದವರು ಹಾಗೆ ನಿಂತರೆ ಸೋಮಾರಿಗಳೆಂದು ಯಾರೂ ಗದರದಂತೆ ನೋಡಿಕೋ.

ಇಂತಿ,
ನಿನ್ನ ದೊಡ್ಡಮ್ಮ